ಚಿನ್ನದಂಗಡಿಯ ಪಾಯಿಂಟುಗಳು

ನಮ್ಮ ಯಜಮಾನರಿಗೆ ಕುಡಿತದ ಚಟವಿಲ್ಲ, ಇಸ್ಪೀಟಿನ ಚಟವಿಲ್ಲ. ಇರುವುದು ಒಂದೇ ಚಟ, ಕ್ರೆಡಿಟ್ ಕಾರ್ಡಿನ ಪಾಯಿಂಟು ಕೂಡಿಹಾಕುವುದು. ಮಣ್ಣಗುಡ್ಡದ ನಮ್ಮ ಮನೆಗೆ ಬರುವ ಅಕ್ಕಿ, ನನ್ನ ಸೀರೆ, ಪಕ್ಕದ ಮನೆಯವರು ಕೊಳ್ಳುವ ಮಿಕ್ಸಿ, ಎಲ್ಲವೂ ಇವರ ಕಾರ್ಡಿನಲ್ಲೇ ಆಗಬೇಕು. ಪಕ್ಕದ ಮನೆಯವರು ಆಮೇಲೆ ಇವರ ಕೈಗೆ ದುಡ್ಡು ಕೊಟ್ಟರಾಯಿತು. ಬಂಗುಡೆ ಮೀನು ಮಾರುವ ಹೆಂಗಸು ಕಾರ್ಡು ತೆಗೆದುಕೊಳ್ಳುವುದಿಲ್ಲ ಎಂಬ ಬೇಸರ ಇವತ್ತಿಗೂ ಇವರಿಗಿದೆ. ಸಂಜೆ ಚಹಾ ಕುಡಿಯುತ್ತಾ ಮೊಬೈಲಿನಲ್ಲಿ ಪಾಯಿಂಟು ನೋಡಿಕೊಳ್ಳುವಾಗ ಇವರ ಮುಖಕ್ಕೆ ಒಂದು ಕಳೆ ಬರುತ್ತದೆ. ನನ್ನನ್ನು ನೋಡಿ ಆ ಕಳೆ ಬಂದದ್ದು ನನಗೆ ನೆನಪಿಲ್ಲ.

ಈ ವರ್ಷ ಬ್ಯಾಂಕಿನಿಂದ ಸಂದೇಶ ಬಂತು. ಪಾಯಿಂಟುಗಳನ್ನು ತಿಂಗಳ ಕೊನೆಯೊಳಗೆ ಬಳಸದಿದ್ದರೆ ಹೋಗಿಬಿಡುತ್ತವೆ. ಇವರು ಗಾಬರಿಯಾಗಲಿಲ್ಲ. ಇಬ್ಬರು ವಿಮಾನದಲ್ಲಿ ದುಬೈಗೆ ಹೋಗಿ ಬರಲು ಅಷ್ಟು ಸಾಕು, ತೆರಿಗೆ ಮಾತ್ರ ಕೈಯಿಂದ ಹಾಕಬೇಕು ಎಂದು ಆಗಲೇ ನೋಡಿಟ್ಟಿದ್ದರು. ದುಬೈಯಲ್ಲಿ ಇವರ ಅಕ್ಕನ ಮಗಳಿದ್ದಾಳೆ. ಅವಳಿಗೆ ಹೆರಿಗೆಯಾಗಿತ್ತು. ಅತ್ತಿಗೆ ಬಾಣಂತನಕ್ಕೆಂದು ಅಲ್ಲಿಗೆ ಹೋಗಿದ್ದರು. ಬೋಳಾರದ ಮನೆಯಲ್ಲಿ ಅತ್ತಿಗೆಯ ಗಂಡ ಒಬ್ಬರೇ ಇದ್ದರು. ಇವರಿಗೆ ಅವರು ಭಾವ. ನಾನು ಅವರನ್ನು ಕರೆಯುವುದು ಅಣ್ಣ ಎಂದು.

"ಮಗು ನೋಡಿ ಬರುವ ಮಾರಾಯ್ತಿ. ಪೂರಾ ಪುಕ್ಕಟೆ" ಎಂದರು ಇವರು.

ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಆ ಪಾಯಿಂಟುಗಳಲ್ಲಿ ಹೆಚ್ಚಿನವು ಎಲ್ಲಿಂದ ಬಂದವು ಎಂದು ನನಗೆ ಗೊತ್ತಿತ್ತು.

ಎರಡು ವರ್ಷದ ಹಿಂದೆ ಆ ಹುಡುಗಿಯ ಮದುವೆ. ಚಿನ್ನ ತೆಗೆಯುವ ಮೊದಲು ಇವರು ಅಣ್ಣನಿಗೆ ಒಂದು ಸಲಹೆ ಕೊಟ್ಟಿದ್ದರು. ದುಡ್ಡು ನನ್ನ ಖಾತೆಗೆ ಹಾಕಿ, ಅಂಗಡಿಯಲ್ಲಿ ನಾನು ಕಾರ್ಡು ಕೊಡುತ್ತೇನೆ, ನಿಮಗೇನೂ ನಷ್ಟವಿಲ್ಲ, ನನಗೆ ಪಾಯಿಂಟು ಬರುತ್ತದೆ ಎಂದು. ಅಣ್ಣ ಸರಳ ಮನುಷ್ಯ. ಬಂದರಿನಲ್ಲಿ ಬೋಟಿನವರಿಗೆ ಹಗ್ಗ, ಬಲೆ ಮಾರುವ ಅಂಗಡಿ ಅವರದು. ವರ್ಷಗಟ್ಟಲೆ ಕೂಡಿಟ್ಟದ್ದನ್ನು ಒಂದು ಮಾತೂ ಆಡದೆ ಇವರ ಖಾತೆಗೆ ಹಾಕಿದರು.

ಚಿನ್ನದಂಗಡಿಗೆ ನಾವು ಒಂದು ದಂಡೇ ಹೋಗಿದ್ದೆವು. ಎರಡೂ ಕಡೆಯ ಹೆಂಗಸರು, ಮದುಮಗನ ದೊಡ್ಡಪ್ಪ, ಎಲ್ಲರೂ ಇದ್ದರು. ಬಿಲ್ಲು ಬಂದಾಗ ಇವರು ಎಲ್ಲರ ಎದುರು ಎದ್ದು ಹೋಗಿ ಕಾರ್ಡು ಉಜ್ಜಿದರು. ನಮ್ಮ ತುಳುವರಲ್ಲಿ ಸೋದರಮಾವ ಎಂದರೆ ಸುಮ್ಮನೆ ಅಲ್ಲ. ಹಿಂದೆ ಮನೆಯ ಯಜಮಾನಿಕೆಯೇ ಅವನದಾಗಿತ್ತು. ಈಗ ಆಸ್ತಿಯ ಕಾನೂನು ಬದಲಾಗಿದೆ, ಆದರೂ ಮದುವೆಯ ಮನೆಯಲ್ಲಿ ಅವನ ತೂಕ ಇಳಿದಿಲ್ಲ. ಅಂಥ ಸೋದರಮಾವ ಸೊಸೆಯ ಚಿನ್ನಕ್ಕೆ ಕೈ ಮುಂದೆ ಮಾಡಿದರೆ ನೋಡುವವರು ಏನು ತಿಳಿದುಕೊಳ್ಳುತ್ತಾರೆ? ಅಪ್ಪನ ಕೈಯಲ್ಲಿ ಆಗಲಿಲ್ಲ, ಮಾವ ಮಾಡಿಸಿದ ಎಂದು ತಿಳಿದುಕೊಂಡರು.

ಮದುವೆಯ ದಿನ ಮದುಮಗನ ದೊಡ್ಡಪ್ಪ ಅಣ್ಣನ ಕೈ ಹಿಡಿದು, "ಇಂಥ ಭಾವಮೈದುನ ಸಿಗಲಿಕ್ಕೆ ಪುಣ್ಯ ಬೇಕು" ಎಂದರು. ಅಣ್ಣ ಇವರ ಮುಖ ನೋಡಿದರು. ಇವರು ನಾಚಿಕೊಂಡು, "ಎಂತ ಇಲ್ಲ, ನಾನು ಎಂತದೂ ಮಾಡಲಿಲ್ಲ" ಎಂದರು. ಹೇಳಿದ್ದು ಅಪ್ಪಟ ಸತ್ಯವೇ. ಆದರೆ ನಮ್ಮ ಊರಿನಲ್ಲಿ ದೊಡ್ಡ ಉಪಕಾರ ಮಾಡಿದವರು ಹೇಳುವುದೂ ಇದೇ ಮಾತನ್ನು. ಕೇಳಿದವರಿಗೆ ಸಂಶಯವಿದ್ದರೂ ಅಲ್ಲಿಗೆ ಹೋಯಿತು.

ಅದಾದ ಮೇಲೆ ಅಣ್ಣ ನಮ್ಮ ಮನೆಗೆ ಬರುವುದು ನಿಂತಿತು. ಜಗಳವಿಲ್ಲ, ಮಾತು ಬಿಡಲಿಲ್ಲ. ಕರೆದರೆ, "ಅಂಗಡಿ ಉಂಟು, ನಿನ್ನ ಅತ್ತಿಗೆ ಬರ್ತಾಳೆ" ಎನ್ನುತ್ತಿದ್ದರು. ಮೊದಲು ಭಾನುವಾರ ಬೆಳಿಗ್ಗೆ ನಮ್ಮಲ್ಲಿ ನೀರುದೋಸೆ ತಿಂದು, ಇವರ ಪಾಯಿಂಟು ಪುರಾಣಕ್ಕೆ ತಮಾಷೆ ಮಾಡಿ ಹೋಗುತ್ತಿದ್ದವರು ಅವರು. ಒಡಹುಟ್ಟಿದ ಅಣ್ಣ ಇಲ್ಲದ ನನಗೆ ಆ ಭಾನುವಾರಗಳು ಬೇಕಾಗಿದ್ದವು. ಇವರಿಗೆ ಮಾತ್ರ ಕಾರಣವೇ ಹೊಳೆಯಲಿಲ್ಲ. ಪೈಸೆ ಪೈಸೆ ಅವರದೇ ದುಡ್ಡು, ಮತ್ತೆ ಸಿಟ್ಟು ಯಾಕೆ ಎನ್ನುತ್ತಿದ್ದರು.

ನಾನು ಅತ್ತಾವರದ ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡಿದವಳು. ದುಡ್ಡು ಯಾರದು ಎನ್ನುವುದು ಬೇರೆ, ಕೌಂಟರಿನ ಎದುರು ಯಾರ ಕೈ ಕಂಡಿತು ಎನ್ನುವುದು ಬೇರೆ. ಅಪ್ಪನ ಬಿಲ್ಲಿಗೆ ನಾನು ಕೊಡುತ್ತೇನೆ, ನೀನು ಬೇಡ ಎಂದು ಅಣ್ಣತಮ್ಮಂದಿರು ನನ್ನ ಕಿಟಕಿಯ ಎದುರು ಜಗಳವಾಡುವಾಗ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಅರ್ಥವಾಯಿತು. ಕೊಟ್ಟೆ ಎನ್ನುವ ಹೆಸರೂ ಮನುಷ್ಯನ ಸಂಪಾದನೆಯೇ. ಅಣ್ಣನ ದುಡ್ಡಿಗೆ ಚಿನ್ನ ಸಿಕ್ಕಿತ್ತು, ಹೆಸರು ಇವರಿಗೆ ಹೋಗಿತ್ತು, ಮೇಲಿನಿಂದ ಪಾಯಿಂಟು ಬೇರೆ.

ಈಗ ಆ ಪಾಯಿಂಟಿನಲ್ಲಿ ನಾವು ದುಬೈಗೆ ಹೋಗಿ, ಅಣ್ಣ ಇನ್ನೂ ಎತ್ತಿಕೊಳ್ಳದ ಮೊಮ್ಮಗುವನ್ನು ಎತ್ತಿಕೊಂಡು, ಫೋಟೊ ಕಳಿಸಬೇಕೆ? ಟಿಕೇಟು ಅಣ್ಣನಿಗೇ ಕೊಡುವ ಎಂದೆ. ಇವರಿಗೆ ಹೊಟ್ಟೆ ಉರಿದಿರಬೇಕು, ಆದರೂ "ತಗೊಳ್ತಾರಾದರೆ ಕೊಡು" ಎಂದರು.

ಮರುದಿನ ಮಧ್ಯಾಹ್ನ ನಾನೊಬ್ಬಳೇ ಬೋಳಾರಕ್ಕೆ ಹೋದೆ. ಅಣ್ಣ ಜಗಲಿಯಲ್ಲಿ ಕುಳಿತು ಫೋನಿನಲ್ಲಿ ಮಗುವಿನ ವಿಡಿಯೊ ನೋಡುತ್ತಿದ್ದರು. ನನಗೂ ತೋರಿಸಿದರು. ಮಗು ಆಕಳಿಸುವುದು ಬಿಟ್ಟು ಅದರಲ್ಲಿ ಬೇರೇನೂ ಇರಲಿಲ್ಲ, ಅದನ್ನೇ ಮತ್ತೆ ಹಾಕಿದರು.

"ನೀವು ಯಾವಾಗ ಹೋಗ್ತೀರಿ ಅಣ್ಣ?"

"ಟಿಕೇಟಿನ ರೇಟು ಕೇಳಿ ಬಂದಿದ್ದೇನೆ. ಸ್ವಲ್ಪ ಇಳಿಯಲಿ."

ಪಾಯಿಂಟಿನ ವಿಷಯ ಹೇಳಿದೆ. ಅವರು ಫೋನು ಕೆಳಗಿಟ್ಟರು.

"ನನ್ನ ಮಗಳ ಚಿನ್ನ ನಿನ್ನ ಗಂಡ ಕೊಡಿಸಿದ ಅಂತ ಊರೆಲ್ಲ ಹೇಳ್ತದೆ. ಇನ್ನು ಮೊಮ್ಮಗುವನ್ನು ತೋರಿಸಿದ್ದೂ ಅವನೇ ಅಂತ ಆಗಬೇಕಾ? ಬೇಡ ತಂಗಿ. ನನಗೆ ಬೇಸರ ಉಂಟು, ಅದನ್ನು ಮುಚ್ಚಿಟ್ಟು ಎಂತ ಮಾಡುವುದು."

ಅವರ ಧ್ವನಿ ಏರಲಿಲ್ಲ, ಅದಕ್ಕೇ ನನಗೆ ಹೆಚ್ಚು ನೋವಾಯಿತು. ಕೊಡಲು ಹೋದದ್ದೇ ತಪ್ಪಾಗಿತ್ತು. ಅಣ್ಣನಿಗೆ ಬೇಕಾದದ್ದು ಟಿಕೇಟಲ್ಲ. ಎದ್ದು ಬರಲು ಮನಸ್ಸಾಗಲಿಲ್ಲ. ನಾಚಿಕೆ ಬಿಟ್ಟು ಕೇಳಿದೆ:

"ಹಾಗಾದರೆ ನೀವು ನಮ್ಮನ್ನು ಕರ್ಕೊಂಡು ಹೋಗಿ ಅಣ್ಣ. ಪಾಯಿಂಟು ಬಂದದ್ದು ನಿಮ್ಮ ದುಡ್ಡಿಂದ. ಆ ಟಿಕೇಟಿನಲ್ಲಿ ನಾವು ಹೋದರೆ ನೀವು ಕರ್ಕೊಂಡು ಹೋದ ಹಾಗೆಯೇ. ನಿಮ್ಮ ಟಿಕೇಟು ನೀವು ಮಾಡಿಸಿ. ನಾನು ಇದುವರೆಗೆ ವಿಮಾನ ಹತ್ತಿದವಳಲ್ಲ."

ಅವರು ಫೋನನ್ನು ಮತ್ತೆ ಕೈಗೆತ್ತಿಕೊಂಡರು, ವಿಡಿಯೊ ಹಾಕಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದರು.

"ಅವನು ಹಾಗೆ ಹೇಳ್ತಾನಾ? ನಾಲ್ಕು ಜನರ ಎದುರು?"

ಮನೆಗೆ ಬಂದು ಇವರಿಗೆ ಹೇಳಿದಾಗ, "ನಾನೆಂತ ಕದ್ದಿದ್ದೇನಾ, ಮೈಕಿನಲ್ಲಿ ಹೇಳಲಿಕ್ಕೆ?" ಎಂದು ರೇಗಿದರು. ಆ ದಿನ ಚಹಾದ ಹೊತ್ತಿಗೆ ಇವರು ಮೊಬೈಲು ತೆಗೆಯಲಿಲ್ಲ. ಬೆಳಿಗ್ಗೆ ಎದ್ದು ಭಾವನಿಗೆ ಫೋನು ಮಾಡಿ, ಯಾವ ವಿಮಾನ ಎಂದು ಕೇಳಿ, ಅದರಲ್ಲೇ ನಮ್ಮಿಬ್ಬರ ಟಿಕೇಟು ಮಾಡಿಸಿದರು. ನಾಲ್ಕು ಜನರ ಮಾತನ್ನು ಫೋನಿನಲ್ಲಿ ಯಾರೂ ಎತ್ತಲಿಲ್ಲ.

ಹೊರಡುವ ಹಿಂದಿನ ವಾರ ನಂಟರ ಮನೆಯ ನಿಶ್ಚಿತಾರ್ಥ. ಊಟಕ್ಕೆ ಅಣ್ಣ ಮತ್ತು ಇವರು ಒಂದೇ ಸಾಲಿನಲ್ಲಿ ಕುಳಿತಿದ್ದರು, ನಾನು ಎದುರು ಸಾಲಿನಲ್ಲಿ. ಇವರ ಚಿಕ್ಕಪ್ಪನ ಮಗ ದೊಡ್ಡ ಗಂಟಲಿನಲ್ಲಿ, "ಎಂತ ಮಾರಾಯ, ದುಬೈಗೆ ಹೋಗ್ತೀಯಂತಲ್ಲ. ಪಾಯಿಂಟಿನ ಗಮ್ಮತ್ತು ಅಲ್ವಾ?" ಎಂದ.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಇವರು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದರು.

"ಪಾಯಿಂಟು ಭಾವನದ್ದು" ಎಂದರು ಇವರು, ಎಲ್ಲರಿಗೂ ಕೇಳುವ ಹಾಗೆ. "ಮಗಳ ಚಿನ್ನ ಪೂರಾ ತೆಗೆದದ್ದು ಅವರು, ನಾನು ಕಾರ್ಡು ಉಜ್ಜಿದ್ದು ಮಾತ್ರ. ಈಗ ನಮ್ಮನ್ನು ಕರ್ಕೊಂಡು ಹೋಗುವುದೂ ಅವರೇ."

ಅಣ್ಣ ಎಲೆಯಿಂದ ತಲೆ ಎತ್ತಲಿಲ್ಲ. ಪಾಯಸ ಹಿಡಿದು ಬಂದವನನ್ನು ಕೈಯಾಡಿಸಿ ಕರೆದು, ಇವರ ಎಲೆ ತೋರಿಸಿದರು.

"ಇವನಿಗೆ ಇನ್ನೊಂದು ಸೌಟು ಹಾಕು ಮಾರಾಯ. ನನ್ನ ಲೆಕ್ಕದಲ್ಲಿ."

ಎಲ್ಲರೂ ನಕ್ಕರು. ಎಲ್ಲರಿಗಿಂತ ತಡವಾಗಿ ಇವರೂ ನಕ್ಕರು. ಇವರಿಗೆ ಸಕ್ಕರೆ ಕಾಯಿಲೆ ಉಂಟು, ಆದರೂ ನಾನು ತಡೆಯಲಿಲ್ಲ. ಇವರು ಆ ಪಾಯಸವನ್ನು ಒಂದು ಹನಿ ಬಿಡದೆ ತಿಂದರು.