ಬೇಕೆಂದೇ ಬಿಟ್ಟ ಫುಲ್ ಸ್ಟಾಪುಗಳು

ನಮ್ಮ ಮನೆಯವರು ಮನೆಯಿಂದಲೇ ಆಫೀಸು ಕೆಲಸ ಮಾಡುತ್ತಾರೆ ಅಂತಾದಾಗ, ಇನ್ನು ಮನೆಯಲ್ಲಿ ಮಾತಿಗೆ ಒಂದು ಜೀವ ಇರುತ್ತದೆ ಅಂದುಕೊಂಡೆ. ಪದ್ಮನಾಭನಗರದ ನಮ್ಮ ಮನೆಯಲ್ಲಿ ಎರಡೇ ರೂಮು. ರಸ್ತೆ ಕಡೆಯದಕ್ಕೆ ಅವರು ಸೇರಿಕೊಂಡರು. ಒಂಬತ್ತಕ್ಕೆ ಕಿವಿಗೆ ಹೆಡ್‌ಫೋನ್ ಏರಿದರೆ ಮುಗಿಯಿತು. ತಿಂಡಿ ತಟ್ಟೆ ಇಟ್ಟರೆ ಸ್ಕ್ರೀನಿನಿಂದ ಕಣ್ಣು ತೆಗೆಯದೆ ತಲೆಯಾಡಿಸುತ್ತಿದ್ದರು. ಮಧ್ಯಾಹ್ನ ನನಗೆ ಜೊತೆಯಾಗಿದ್ದ ರೇಡಿಯೋವನ್ನೂ ಅವರ ಮೀಟಿಂಗಿಗೆ ಅಡ್ಡಿ ಅಂತ ನಿಲ್ಲಿಸಿದೆ. ಕುಕ್ಕರ್ ಕೂಗುವ ಮುಂಚೆ ಓಡಿಹೋಗಿ ಉರಿ ಸಣ್ಣ ಮಾಡುವುದು ಅಭ್ಯಾಸವಾಯಿತು.

ಒಂದು ದಿನ ಅವರೇ ಅಡುಗೆಮನೆಗೆ ಬಂದು ಒಂದು ಕಟ್ಟು ಪ್ರಿಂಟ್‌ಔಟ್ ಕೊಟ್ಟರು. ಅವರ ಸಾಫ್ಟ್‌ವೇರಿನಲ್ಲಿ ಏನಾದರೂ ಕೆಟ್ಟರೆ ಪರದೆ ಮೇಲೆ ಬರುವ ಇಂಗ್ಲಿಷ್ ಸಾಲುಗಳು. ಹತ್ತಾರು ಜನ ಬರೆದದ್ದು, ಒಂದೊಂದು ಒಂದೊಂದು ಥರ. ಕೆಲವಕ್ಕೆ ಫುಲ್ ಸ್ಟಾಪ್ ಇದೆ, ಕೆಲವಕ್ಕೆ ಇಲ್ಲ, ಇನ್ನೊಬ್ಬ ಮಹಾಶಯ ಎಲ್ಲವನ್ನೂ ದೊಡ್ಡಕ್ಷರದಲ್ಲೇ ಕಿರುಚಿದ್ದಾನೆ.

"ನೀನು ಕಾನ್ವೆಂಟ್ ಅಲ್ವೇನೇ? ಎಲ್ಲಾ ಒಂದೇ ಥರ ಬರೋ ಹಾಗೆ ತಿದ್ದಿಕೊಡು."

ಮೂರು ದಿನ ಪೆನ್ಸಿಲ್ ಹಿಡಿದು ಕೂತೆ. ಸ್ಕೂಲಿನಲ್ಲಿ ಸಿಸ್ಟರ್ ಕಲಿಸಿದ ಹಾಗೆ ಪ್ರತಿ ಸಾಲಿಗೂ ದೊಡ್ಡಕ್ಷರದ ಶುರು, ಫುಲ್ ಸ್ಟಾಪಿನ ಕೊನೆ. 'ಫೈಲ್ ಸಿಗಲಿಲ್ಲ' ಎಂದಷ್ಟೇ ಇದ್ದ ಕಡೆ ಸಾರಿ, ಪ್ಲೀಸ್, ಕೈಂಡ್ಲಿ ಎಲ್ಲ ಸೇರಿಸಿದೆ.

ಅವರು ಓದಿ ಬಿದ್ದು ಬಿದ್ದು ನಕ್ಕರು. "ಇದೇನೇ, ಮದುವೆ ಕರೆಯೋಲೆನಾ? ಕಂಪ್ಯೂಟರ್ ಯಾಕೆ ಕೈ ಮುಗೀಬೇಕು?"

"ತಪ್ಪಾದ್ರೆ ಸಾರಿ ಕೇಳೋದು ಬೇಡ್ವಾ ರೀ?"

"ಬೇಡ. ಏನು ಕೆಡ್ತು, ಎಲ್ಲಿ ಕೆಡ್ತು, ಏನು ಮಾಡ್ಬೇಕು, ಅಷ್ಟೇ. ಸಣ್ಣಕ್ಷರದಲ್ಲಿ ಶುರು ಮಾಡು. ಕೊನೇಲಿ ಫುಲ್ ಸ್ಟಾಪ್ ಹಾಕ್ಬೇಡ, ಅದರ ಮುಂದೆ ಕಂಪ್ಯೂಟರ್ ಇನ್ನೊಂದು ಮಾತು ಅಂಟಿಸುತ್ತೆ. ಕೆಲಸ ನಿಂತೇ ಹೋದ್ರೆ ಎರರ್. ಏನೋ ಸರಿಯಿಲ್ಲ, ಆದ್ರೂ ನಡೀತಿದೆ ಅಂದ್ರೆ ವಾರ್ನಿಂಗ್."

"ವಾರ್ನಿಂಗ್ ಬಂದ್ರೆ ಏನ್ಮಾಡ್ತೀರಾ?"

"ನಿಜ ಹೇಳ್ಲಾ? ಯಾರೂ ಓದಲ್ಲ."

ಅವತ್ತಿನಿಂದ ಊಟವಾದ ಮೇಲೆ ಅರ್ಧ ಗಂಟೆ ಡೈನಿಂಗ್ ಟೇಬಲ್ಲಿನ ಮೇಲೆ ನಮ್ಮ ಪಾಠ. ಹೆಡ್‌ಫೋನ್ ಕುತ್ತಿಗೆಗೆ ಇಳಿದಿರುತ್ತಿತ್ತು. ಅವರ ಹುಬ್ಬಿನಲ್ಲಿ ಒಂದು ಬಿಳಿ ಕೂದಲು ಬಂದಿದ್ದನ್ನು ನಾನು ನೋಡಿದ್ದು ಆಗಲೇ. ಆದರೆ ಕಟ್ಟು ಕರಗುತ್ತಿತ್ತು. ಇನ್ನು ಹನ್ನೊಂದೇ ಹಾಳೆ ಅಂದಾಗ ನನ್ನ ಪೆನ್ಸಿಲ್ ತಾನಾಗೇ ನಿಧಾನವಾಯಿತು. ಆಮೇಲೆ ನಾಚಿಕೆಯಿಲ್ಲದೆ ಒಂದು ಕೆಲಸ ಮಾಡಿದೆ: ಹಾಳೆಗೆ ಎರಡೋ ಮೂರೋ ಫುಲ್ ಸ್ಟಾಪ್ ಅಳಿಸದೆ ಹಾಗೇ ಬಿಟ್ಟುಬಿಡುವುದು. ಅವರು ಹಿಡಿಯುತ್ತಿದ್ದರು. "ಲೇ, ಬಾ ಇಲ್ಲಿ, ಇದೇನು ನೋಡು!" ಅಂತ ರೂಮಿನಿಂದ ಕೂಗು. ನಾನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗುತ್ತಿದ್ದೆ.

ಎರಡು ವಾರ ಹೀಗೇ ನಡೆಯಿತು. ಒಂದು ಸೋಮವಾರ ಅವರು ಬಹಳ ಖುಷಿಯಿಂದ ಬಂದರು. "ಪಾಪ, ನಿನಗೂ ಕಣ್ಣು ಸೋತಿದೆ. ಇದನ್ನೆಲ್ಲ ಹಿಡಿಯೋದಕ್ಕೆ ಒಂದು ಪ್ರೋಗ್ರಾಂ ಬರೆದುಬಿಟ್ಟೆ. ಒಂದೇ ಒಂದು ಫುಲ್ ಸ್ಟಾಪ್ ಉಳಿದ್ರೂ ಹೇಳುತ್ತೆ. ಇನ್ನು ನಿನಗೆ ಈ ತಲೆನೋವಿಲ್ಲ."

"ನನ್ನ ಕಣ್ಣಿಗೇನೂ ಆಗಿಲ್ಲ. ಬೇಕೂಂತಲೇ ಬಿಟ್ಟಿದ್ದೆ."

"ಯಾಕೆ?"

"ನೀವು ಕೂಗ್ತೀರಿ ಅಂತ. ದಿನವೆಲ್ಲಾ ಈ ಮನೇಲಿ ನನ್ನ ಹತ್ರ ಯಾರೂ ಮಾತಾಡಲ್ಲ."

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಒಳಗೆ ಮೀಟಿಂಗಿನ ಗಂಟೆ ಹೊಡೆಯಿತು. "ಬಂದೆ ಇರು" ಅಂತ ಹೋದರು.

ನಿಜವಾಗಿಯೂ ಬಂದರು, ನಾಲ್ಕು ಗಂಟೆಗೆ. ಕಾಫಿ ಲೋಟ ಹಿಡಿದು ಎದುರಿಗೆ ಕೂತರು. ಟೇಬಲ್ಲಿನ ಮೇಲೆ ಈಗ ಹಾಳೆಗಳಿಲ್ಲ. ಅವರು ಲೋಟ ನೋಡಿದರು, ನಾನು ಕಿಟಕಿ ನೋಡಿದೆ.

"ಏನಾದ್ರೂ ಹೇಳು," ಅಂದರು.

ಎಷ್ಟು ಹುಡುಕಿದರೂ ನನಗೆ ಒಂದು ಮಾತೂ ಸಿಗಲಿಲ್ಲ. ಆದರೂ ಕಾಫಿ ಆರುವವರೆಗೂ ಅವರು ಏಳಲಿಲ್ಲ.