ಸೌಖ್ಯವೆಂಬ ಸುಳ್ಳು ಸಾಕ್ಷಿ

ಬಿ.ಸಿ. ರೋಡಿನ ನನ್ನ ವಕೀಲಿ ಕಚೇರಿಯ ಮೇಜಿನಡಿಯಲ್ಲಿ ಒಂದು ಪುಟ್ಟ ಮರದ ಸ್ಟೂಲು ಇತ್ತು. ಎದುರು ಕುಳಿತವರಿಗೆ ಅದು ಕಾಣುತ್ತಿರಲಿಲ್ಲ. ಕಾಣಬಾರದೆಂದೇ ಮೇಜಿನ ಮುಂಭಾಗಕ್ಕೆ ಹಲಗೆ ಹೊಡೆಸಿದ್ದೆ. ಮೇಲೆ ಕರಿಕೋಟು, ಬಿಳಿ ಬ್ಯಾಂಡು, ಕಾನೂನಿಗೆ ತಕ್ಕ ಗಂಭೀರ ಮುಖ. ಕೆಳಗೆ ಚಪ್ಪಲಿ ಕಳಚಿ ಸ್ಟೂಲಿನ ಮೇಲೆ ಹಾಯಾಗಿ ಚಾಚಿಕೊಂಡ ಎಡಗಾಲು. ಆ ಕಾಲಿನ ಮಂಡಿಗೂ ನನಗೂ ಕೆಲವು ವರ್ಷಗಳಿಂದ ಅಷ್ಟಕ್ಕಷ್ಟೇ. ಆದರೂ ಬಂದವರು "ಸೌಖ್ಯವಾ ಮೇಡಂ?" ಎಂದರೆ ನಾನು "ಸೌಖ್ಯ" ಎನ್ನುತ್ತಿದ್ದೆ, ಅವರು ನಂಬುತ್ತಿದ್ದರು, ಸ್ಟೂಲು ಸುಮ್ಮನಿರುತ್ತಿತ್ತು.

ನನ್ನದು ಅಪಘಾತದ ಕೇಸುಗಳ ವಕೀಲಿ. ರಸ್ತೆಯಲ್ಲಿ ಪೆಟ್ಟು ತಿಂದವರ ಪರವಾಗಿ ವಿಮಾ ಕಂಪನಿಯಿಂದ ಪರಿಹಾರ ಕೇಳುವ ಕೆಲಸ. ಇದರಲ್ಲಿ ನಿಮಗೇನು ಸಿಗುತ್ತದೆ ಎಂದು ಕೇಳುವವರ ಕಣ್ಣು ಸಾಮಾನ್ಯವಾಗಿ ನನ್ನ ಕೈಚೀಲದ ಮೇಲಿರುತ್ತದೆ. ಪಾಪ, ಅಲ್ಲಿ ನೋಡಿ ಪ್ರಯೋಜನವಿಲ್ಲ. ನನ್ನ ಸಂಪಾದನೆ ಬೇರೆ ಬಗೆಯದು. ಮಿಜಾರಿನ ಒಂದು ಮದುವೆಯಲ್ಲಿ ಬಡಿಸುತ್ತಿದ್ದವನೊಬ್ಬ ನನ್ನನ್ನು ನೋಡಿ ಬಾಯಿತುಂಬ ನಕ್ಕ. ಹೆಸರು ಏನು ಮಾಡಿದರೂ ನೆನಪಾಗಲಿಲ್ಲ. ಅವನು ಪಕ್ಕದ ಎಲೆಗೆ ಸರಿಯುವಾಗ ನಡಿಗೆ ಕಂಡು, "ಓ, ಅಳದಂಗಡಿಯ ಬಲತೊಡೆ!" ಎಂದು ಹೊಳೆಯಿತು. ನಾನೇ ಮುಂದಾಗಿ ಕಾಲಿನ ಯೋಗಕ್ಷೇಮ ವಿಚಾರಿಸಿದೆ, ನನ್ನ ಎಲೆಗೆ ಹೋಳಿಗೆಯ ಮೇಲೆ ಹೋಳಿಗೆ ಬಿತ್ತು. ನಮ್ಮ ಸೀಮೆಯ ಜನರನ್ನು ಮುಖದಿಂದ ಗುರುತಿಸುವವರು ಬಹಳ ಮಂದಿ ಇರಬಹುದು, ಮೂಳೆಯಿಂದ ಗುರುತಿಸುವ ಭಾಗ್ಯ ನನ್ನದು.

ಈ ವೃತ್ತಿಯಲ್ಲಿ ನನ್ನ ದೊಡ್ಡ ವೈರಿ ವಿಮಾ ಕಂಪನಿ ಎಂದು ನೀವು ಭಾವಿಸಿದ್ದರೆ ತಪ್ಪು. ನಮ್ಮವರ ಮರ್ಯಾದೆಯೇ ನನ್ನ ವೈರಿ. ಬಂಟ್ವಾಳದಿಂದ ಮೂಡಬಿದಿರೆಯವರೆಗೆ ಯಾರನ್ನೇ ಸೌಖ್ಯವಾ ಎಂದು ಕೇಳಿ ನೋಡಿ. ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದವನೂ ಸೌಖ್ಯ ಎಂದೇ ಹೇಳಿಯಾನು. ದೊಡ್ಡವರು ಕೇಳಿದಾಗ ನೋವು ತೋಡಿಕೊಳ್ಳುವುದು ಸಭ್ಯತೆಯಲ್ಲವೆಂದು ಹುಟ್ಟಿದಂದಿನಿಂದ ಕಲಿತವರು ನಾವು. ಅಂಥವರನ್ನು ಕಟಕಟೆಯಲ್ಲಿ ನಿಲ್ಲಿಸಿ ನೋವಿದೆ ಎಂದು ಹೇಳಿಸುವುದೇ ನನ್ನ ಹೊಟ್ಟೆಪಾಡು.

ಇದು ನನಗೆ ಚೆನ್ನಾಗಿ ಅರ್ಥವಾದದ್ದು ವಿಟ್ಲದ ಹಸನಬ್ಬರಿಂದ. ಊರಿಗೆಲ್ಲ ಅವರು ಹಸನಾಕ. ಪೇಟೆಯಲ್ಲಿ ತಂದೆಯ ಕಾಲದ ಬಟ್ಟೆ ಅಂಗಡಿ. ಅಂಗಡಿಯೆದುರು ರಸ್ತೆ ದಾಟುವಾಗ ಪಿಕಪ್ ಒಂದು ಗುದ್ದಿ ಬಲಭುಜ ಮುರಿಯಿತು. ಕೂಡಿತೇನೋ ಹೌದು, ಆದರೆ ಕೈ ಭುಜದ ಮಟ್ಟಕ್ಕಿಂತ ಮೇಲೆ ಏಳಲೊಲ್ಲದು. ಒಳ್ಳೆಯ ಬಟ್ಟೆಯೆಲ್ಲ ಇದ್ದದ್ದು ಮೇಲಿನ ಸಾಲುಗಳಲ್ಲಿ. ಪರಿಹಾರ ಸಿಕ್ಕಿದರೆ ಕೈಗೊಬ್ಬ ಆಳನ್ನಿಟ್ಟು ಅಂಗಡಿ ಉಳಿಸಿಕೊಳ್ಳಬಹುದು, ಇಲ್ಲವಾದರೆ ಶಟರ್ ಎಳೆಯಬೇಕು. ವಿಷಯ ಅಷ್ಟು ನೇರವಾಗಿತ್ತು.

"ಸುಳ್ಳು ಒಂದಕ್ಷರವೂ ಬೇಡ ಹಸನಾಕ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ನೋವಿದ್ದರೆ ನೋವು ಅಂತಲೇ ಹೇಳಿ" ಎಂದು ನಾನು ಗಂಟಲು ಒಣಗುವಷ್ಟು ಹೇಳಿದ್ದೆ. "ಹೇಳ್ತೇನೆ ಮೇಡಂ, ಹೇಳದೆ ಉಂಟಾ!" ಎಂದಿದ್ದರು.

ಕಂಪನಿಯ ಪರ ಇದ್ದವರು ಮೂಡಬಿದಿರೆಯ ಪದ್ಮರಾಜರು. ದಾರಿಯಲ್ಲಿ ಇರುವೆಯ ಸಾಲು ಕಂಡರೆ ಬದಿಗೆ ಸರಿದು ನಡೆಯುವ ಸಾತ್ವಿಕ ಜೈನರು. ಸಾಕ್ಷಿ ಸಿಕ್ಕಿದರೆ ಮಾತ್ರ ಬಿಡುವವರಲ್ಲ. ಪಾಟೀಸವಾಲಿಗೆ ಎದ್ದವರು ಅಪಘಾತದ ಸುದ್ದಿಯನ್ನೇ ಎತ್ತಲಿಲ್ಲ. ಬಟ್ಟೆ ಕೊಳ್ಳಲು ಅಂಗಡಿ ಮೆಟ್ಟಿಲೇರಿದವರಂತೆ ನಗುತ್ತಾ, "ಹಸನಾಕ, ಸೌಖ್ಯವಾ?" ಎಂದರು.

ನಾನು ಪೆನ್ನು ಕೆಳಗಿಟ್ಟೆ.

"ಅಲ್‌ಹಮ್ದುಲಿಲ್ಲಾ, ಸೌಖ್ಯ ಉಂಟು ಸಾರ್. ನೀವು ಸೌಖ್ಯವಾ?"

"ಅಂಗಡಿ ಹೇಗೆ ನಡೀತಾ ಉಂಟು?"

"ದೇವರ ದಯೆ, ಒಳ್ಳೆದುಂಟು ಸಾರ್. ಒಮ್ಮೆ ಬನ್ನಿ ಆಚೆ."

"ಹಾಗಾದರೆ ಈಗ ಏನೂ ತೊಂದರೆ ಇಲ್ಲ ಅಂತಾಯ್ತು?"

"ತೊಂದರೆ ಅಂತ ಹೇಳ್ಕೊಂಡು ಕೂತ್ರೆ ಆಗ್ತದಾ ಸಾರ್!"

ನ್ಯಾಯಾಲಯದ ಭಾಷೆಯ ಚಂದ ನಿಮಗೆ ತಿಳಿದಿರಲಿಕ್ಕಿಲ್ಲ. ಎದುರು ವಕೀಲರು ಕೇಳಿದ್ದಕ್ಕೆ ಸಾಕ್ಷಿ ಹೂಂ ಎಂದರೆ ಅದು "ಎಂದರೆ ಸರಿ" ಎಂಬ ಬಾಲ ಹೊತ್ತು ದಾಖಲಾಗುತ್ತದೆ. ನ್ಯಾಯಾಧೀಶರು ಹೇಳಿ ಬರೆಸುತ್ತಿದ್ದರು: ನಾನು ಈಗ ಸೌಖ್ಯವಾಗಿದ್ದೇನೆ ಎಂದರೆ ಸರಿ. ನನ್ನ ವ್ಯಾಪಾರ ಚೆನ್ನಾಗಿ ನಡೆಯುತ್ತಿದೆ ಎಂದರೆ ಸರಿ. ಟೈಪಿಸ್ಟರ ಬೆರಳು ಟಕಟಕ ಓಡುತ್ತಿದ್ದರೆ, ವೈದ್ಯರು ಬರೆದುಕೊಟ್ಟಿದ್ದೆಲ್ಲ ಒಂದು ಕುಶಲ ಪ್ರಶ್ನೆಯ ಮುಂದೆ ನೀರಿನಲ್ಲಿ ಹೋಮವಾಗುತ್ತಿತ್ತು. ಹಸನಾಕ ಮಾತ್ರ ಒಳ್ಳೆಯ ಗಿರಾಕಿಯನ್ನು ಕಳಿಸಿಕೊಟ್ಟ ತೃಪ್ತಿಯಿಂದ ನನ್ನತ್ತ ನೋಡಿದರು. ನನಗೆ ಅಳು, ಸಿಟ್ಟು, ನಗು ಮೂರೂ ಒಟ್ಟಿಗೆ ಬಂದವು.

ಪಾಟೀಸವಾಲು ಮುಗಿದ ಮೇಲೆ, ಗೊಂದಲವಿದ್ದರೆ ಸ್ಪಷ್ಟಪಡಿಸಲು ನಮಗೂ ಒಂದು ಅವಕಾಶವಿರುತ್ತದೆ. ಎದ್ದೆ, ಮಂಡಿ ಚುಳ್ಳೆಂದಿತು. ಏನು ಕೇಳಲಿ? ಕೋರ್ಟಿನ ಹಿಂದಿನ ಬೆಂಚಿನಲ್ಲಿ ಅವರ ಹೆಂಡತಿ ನಫೀಸಾ ಸೆರಗಿನ ತುದಿಯನ್ನು ತಿರುಚುತ್ತಾ ಕುಳಿತಿದ್ದುದು ಕಂಡಿತು.

"ಹಸನಾಕ, ಅಂಗಡಿಗೆ ಬಂದವರು ಕೇಳಿದರೆ ಸೌಖ್ಯ ಅಂತೀರಿ. ಮನೆಯಲ್ಲಿ ಕೇಳಿದರೆ ಏನು ಹೇಳ್ತೀರಿ?"

ಹಸನಾಕ ಎಡಗೈಯಲ್ಲಿ ಕಟಕಟೆಯ ಅಂಚು ಹಿಡಿದರು. ಹಿಂದಿನ ಬೆಂಚಿನತ್ತ ನೋಡಿದರು, ತಲೆ ತಗ್ಗಿಸಿದರು.

"ಮನೆಯಲ್ಲಿ ಅವಳು ಕೇಳುವುದಿಲ್ಲ ಮೇಡಂ" ಎಂದರು. "ಬೆಳಿಗ್ಗೆ ಅಂಗಿ ತೊಡಿಸ್ತಾಳೆ."

ಟಕಟಕ ನಿಂತಿತು. ಪದ್ಮರಾಜರು ಕೈಯಲ್ಲಿದ್ದ ಕಡತದಲ್ಲಿ ಏನನ್ನೋ ಹುಡುಕತೊಡಗಿದರು; ಅಲ್ಲಿ ಹುಡುಕುವಂಥದ್ದೇನೂ ಇರಲಿಲ್ಲ ಎಂದು ನನಗೆ ಗೊತ್ತು. ನ್ಯಾಯಾಧೀಶರು ಆ ಮಾತನ್ನು ಹಾಗೆಯೇ ಬರೆಸಿದರು, ಬಾಲವಿಲ್ಲದೆ.

ಪರಿಹಾರ ಸಿಕ್ಕಿತು. ಸ್ವಲ್ಪ ಸಮಯದ ಬಳಿಕ ಹಸನಾಕ ಒಂದು ಕಟ್ಟು ಹಿಡಿದು ಕಚೇರಿಗೆ ಬಂದರು. "ಮೇಲಿನ ಸಾಲಿನ ಸೀರೆ ಮೇಡಂ. ಈಗ ತೆಗೆದುಕೊಡ್ಲಿಕ್ಕೆ ಜನ ಉಂಟು" ಎಂದಾಗ ಆ ಮುಖದಲ್ಲಿದ್ದ ಹಿಗ್ಗನ್ನು ನಾನು ಯಾವ ಶುಲ್ಕಕ್ಕೂ ಬಿಟ್ಟುಕೊಡಲಾರೆ. ಎಡಗೈಯಲ್ಲಿ ಗಂಟು ಬಿಚ್ಚುವಾಗ ದಾರ ಜಾರಿ ಮೇಜಿನ ಪಕ್ಕಕ್ಕೆ ಬಿತ್ತು. ಹೆಕ್ಕಲು ಬಗ್ಗಿದವರು ಹಲಗೆಯ ಹಿಂದಿನ ನನ್ನ ಗುಟ್ಟನ್ನು ಕಂಡುಬಿಟ್ಟರು. ನಿಧಾನವಾಗಿ ಎದ್ದರು.

"ಮೇಡಂ, ಸೌಖ್ಯವಾ?"

"ಸೌಖ್ಯ" ಎಂದೆ, ಅಭ್ಯಾಸಬಲ.

"ಇದ್ದದ್ದು ಹೇಳಿ ಅಂತ ನನಗೆ ಬೈದದ್ದು ನೀವೇ ಅಲ್ವಾ?"

ಸಿಕ್ಕಿಬಿದ್ದೆ. "ಮಂಡಿ ಹಸನಾಕ, ತುಂಬಾ ನೋಯ್ತದೆ" ಎಂದುಬಿಟ್ಟೆ. ಅಷ್ಟು ಚಿಕ್ಕ ವಾಕ್ಯ ಹೇಳಿ ಅಷ್ಟೊಂದು ಹಗುರಾಗಬಹುದೆಂದು ನನಗೆ ತಿಳಿದಿರಲಿಲ್ಲ. ನಮ್ಮೂರಿನವರಾಗಿ ಅವರು ಒಂದು ಎಣ್ಣೆಯ ಹೆಸರನ್ನೂ ಹೇಳಲಿಲ್ಲ ಎನ್ನುವುದೇ ಆಶ್ಚರ್ಯ. ಸ್ಟೂಲನ್ನು ಎಡಗೈಯಿಂದ ಎಳೆದು ಮೇಜಿನ ಬದಿಗೆ, ಎಲ್ಲರಿಗೂ ಕಾಣುವಲ್ಲಿ ಇಟ್ಟರು. "ಇಲ್ಲಿ ಇರ್ಲಿ. ಬಂದವರು ನೋಡ್ಲಿ ಮೇಡಂ, ಏನೂ ಆಗುದಿಲ್ಲ."

ಅಂದಿನಿಂದ ಅದು ಅಲ್ಲೇ ಇದೆ. ಬಾಗಿಲಲ್ಲಿ ನಿಂತು ಸೌಖ್ಯ ಎನ್ನಲು ಹೊರಟವರು ನನ್ನ ಕಾಲು ಕಂಡು ಒಂದು ಕ್ಷಣ ತಡೆಯುತ್ತಾರೆ, ಆಮೇಲೆ ಕುರ್ಚಿ ಎಳೆದುಕೊಂಡು ತಮಗೆಲ್ಲಿ ನೋಯುತ್ತದೆ ಎಂದು ತಾವಾಗಿಯೇ ಶುರುಮಾಡುತ್ತಾರೆ. ನನ್ನ ಗಂಟಲಿಗೆ ಸಾಧ್ಯವಾಗದ್ದನ್ನು ನನ್ನ ಮಂಡಿ ಮಾಡುತ್ತಿದೆ.

ಪದ್ಮರಾಜರ ಎದುರು ಮಾತ್ರ ಹಳೆಯ ಹಟ ಬಿಟ್ಟಿರಲಿಲ್ಲ. ಮೊನ್ನೆ ಅವರು ಯಾವುದೋ ಕೆಲಸಕ್ಕೆ ಬಂದಾಗ ಸದ್ದು ಕೇಳಿಯೇ ಕಾಲನ್ನು ಕೆಳಗಿಳಿಸಿದೆ. "ಸೌಖ್ಯವಾ ಮೇಡಂ?" ಎಂದರು. "ಸೌಖ್ಯ" ಎಂದೆ. ಅವರು ಖಾಲಿ ಸ್ಟೂಲನ್ನು ನೋಡಿದರು, ನನ್ನನ್ನು ನೋಡಿದರು.

"ಸೌಖ್ಯ ಎಂದರೆ ಸರಿಯಾ?"

ನಾನು ಕಾಲನ್ನು ಎತ್ತಿ ಮತ್ತೆ ಸ್ಟೂಲಿನ ಮೇಲಿಟ್ಟೆ.