ಎಲ್ಲ ನಂಬರಿಗೂ ‘ಆತು’

ನಮ್ಮನೆಯವರ ಕಾಲಿನ ನಂಬರ್ ಎಷ್ಟು ಎಂದು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕುಮಟೆ ಪೇಟೆಯ ಚಪ್ಪಲಿ ಅಂಗಡಿಯಲ್ಲಿ ಏಳನೇ ನಂಬರಿನದು ಹಾಕಿ ನೋಡಿದರು. “ಆತು” ಎಂದರು. ಎಂಟನೆಯದು ಹಾಕಿದರು. ಅದಕ್ಕೂ “ಆತು.” ಏನಾಗುತ್ತದೋ ನೋಡಿಯೇ ಬಿಡೋಣ ಎಂದು ನಾನು ಅಂಗಡಿಯವನಿಗೆ ಕಣ್ಸನ್ನೆ ಮಾಡಿ ಒಂಬತ್ತು ತರಿಸಿದೆ. ಹಿಮ್ಮಡಿಯ ಹಿಂದೆ ಎರಡು ಬೆರಳು ಜಾಗ ಉಳಿದಿತ್ತು. ಅಂಗಡಿಯೊಳಗೆ ಹಾಸಿದ್ದ ರಟ್ಟಿನ ಮೇಲೆ ನಾಲ್ಕು ಹೆಜ್ಜೆ ಹಾಕಿ ಬಂದು, “ಇದೂ ಆತು. ತಕ್ಕಂಡು ಹೋಗ್ವಾ” ಎಂದರು. ಅಂಗಡಿಯವನು ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ.

ನಮ್ಮ ಕಡೆ ಈ ‘ಆತು’ ಎಂಬುದು ಬಹಳ ಉಪಯೋಗದ ಮಾತು. ಊಟ ಮುಗಿದರೂ ಆತು, ಅಂಗಿ ಮೈಗೆ ಸರಿಹೋದರೂ ಆತು, ಒಪ್ಪಿಗೆಗೂ ಆತು, ಇನ್ನು ನಿನ್ನ ಮಾತು ಸಾಕು ಎನ್ನುವುದಕ್ಕೂ ಆತು. ಇವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಮೂವತ್ತೆರಡು ವರ್ಷ ಭಟ್ಕಳ, ಹೊನ್ನಾವರ, ಕುಮಟೆ ಎಂದು ಒಂದೇ ದಾರಿಯಲ್ಲಿ ಹೋಗಿ ಬಂದು, ಇಡೀ ದಿನ ಕೂಗಿ ಕೂಗಿ, ಮನೆಗೆ ಬರುವ ಹೊತ್ತಿಗೆ ಇವರ ಬಾಯಲ್ಲಿ ಉಳಿಯುತ್ತಿದ್ದದ್ದು ಇದೊಂದೇ ಮಾತು. ಸಾರಿಗೆ ಉಪ್ಪು ಹಾಕಲು ಮರೆತ ದಿನವೂ ಆತು ಎಂದೇ ಉಂಡು ಎದ್ದಿದ್ದಾರೆ.

ನಾನು ಬ್ಲೌಸ್ ಹೊಲಿಯುವವಳು. ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡಿದ್ದೇನೆ. ಹೆಂಗಸರು ಒಂದು ಬ್ಲೌಸ್ ತೊಟ್ಟು ನೋಡಿದರೆ ಹತ್ತು ದೂರು ಹೇಳುತ್ತಾರೆ: ಕಂಕುಳಲ್ಲಿ ಹಿಡಿಯುತ್ತದೆ, ತೋಳು ಜಗ್ಗುತ್ತದೆ, ಕುತ್ತಿಗೆ ಇಳಿಯಿತು. ತಲೆ ಕೆಡುತ್ತದೆ ನಿಜ. ಆದರೆ ಆ ದೂರಿನಿಂದಲೇ ಎಲ್ಲಿ ಬಿಚ್ಚಬೇಕು, ಎಲ್ಲಿ ಹಿಡಿಯಬೇಕು ಎಂದು ಗೊತ್ತಾಗುತ್ತದೆ. ಎಲ್ಲದಕ್ಕೂ ಆತು ಎನ್ನುವ ಗಿರಾಕಿಯನ್ನು ಏನು ಮಾಡುವುದು? ಅಂಥವರು ಹೊರಗೆ ಹೋದ ಮೇಲೆ ಊರಿಗೆಲ್ಲ ಹೇಳುತ್ತಾರೆ. ಇವರು ಹೊರಗೂ ಹೇಳುವವರಲ್ಲ.

ಇಷ್ಟೆಲ್ಲ ರಗಳೆ ಶುರುವಾದದ್ದು ಒಂದು ಪ್ರವಾಸದಿಂದ. ಇವರ ಜೊತೆ ಕೆಲಸ ಮಾಡಿ ನಿವೃತ್ತರಾದ ಡ್ರೈವರು, ಕಂಡಕ್ಟರುಗಳೆಲ್ಲ ಸೇರಿ ಬಾದಾಮಿ, ಅಜಂತ, ಎಲ್ಲೋರ ಎಂದು ಎಂಟು ದಿನದ ಸುತ್ತಾಟ ಗೊತ್ತು ಮಾಡಿದ್ದರು. ದೀಪಾವಳಿ ಕಳೆದು ಒಂದು ತಿಂಗಳಿಗೆ ಹೊರಡುವುದು. ಮುಂದಾಳು ಇವರ ಹಳೆಯ ಡ್ರೈವರು. ಅವರು ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ್ದರು: “ಗುಹೆ ಹತ್ತೂದು ಇಳಿಯೂದು ಬಾಳ ಉಂಟು. ಒಳ್ಳೆ ಚಪ್ಪಲಿ ತಕ್ಕಳಿ. ನಡೆಯೂಕೆ ಆಗದವ್ರನ್ನ ಬಸ್ಸಲ್ಲೇ ಕೂರ್ಸೂದು, ಆಮೇಲೆ ಬೇಜಾರು ಮಾಡ್ಕಳ್ಬೇಡಿ.”

ಆ ಮಾತು ಇವರಿಗೆ ಎಲ್ಲಿ ನಾಟಿತೆಂದು ನನಗೆ ಗೊತ್ತು. ಮೂವತ್ತೆರಡು ವರ್ಷ ಜನರನ್ನು ಇಳಿಸಿ ಇಳಿಸಿ ತಾನು ಬಸ್ಸಿನಲ್ಲೇ ಉಳಿದ ಮನುಷ್ಯ. ಮುರುಡೇಶ್ವರದ ತಿರುವಿನಲ್ಲಿ ದಿನಾ ಪ್ರವಾಸಿಗರನ್ನು ಇಳಿಸುತ್ತಿದ್ದರು, ಒಳಗೆ ಹೋಗಿ ಸಮುದ್ರಕ್ಕೆ ಮುಖ ಮಾಡಿ ನಿಂತದ್ದು ನಿವೃತ್ತಿ ಆದಮೇಲೆ, ಅದೂ ಒಂದೇ ಸಲ. ಎಲ್ಲೋರಕ್ಕೆ ಹೋಗಿ ಮತ್ತೆ ಸೀಟಿನಲ್ಲಿ ಕೂತು ಕಿಟಕಿಯಿಂದ ನೋಡುವುದೆಂದರೆ ಇವರಿಗೆ ಸಾಯುವಷ್ಟು ಅವಮಾನ. ಅದಕ್ಕೇ ಚಪ್ಪಲಿ ನೋಡಲು ನಾನು ಹೇಳುವ ಮೊದಲೇ ಹೊರಟು ನಿಂತರು. ಸ್ವಂತಕ್ಕೆ ಒಂದು ಕರವಸ್ತ್ರ ಕೊಳ್ಳದವರು.

ಹಿಂಭಾಗಕ್ಕೆ ಪಟ್ಟಿ ಇರುವುದೇ ಬೇಕು ಎಂದು ನಾನು ಹಟ ಹಿಡಿದಿದ್ದೆ. ಅದಕ್ಕೂ ಕಾರಣ ಇವರೇ. ಎರಡು ತಿಂಗಳ ಹಿಂದೆ ಮೀನು ಪೇಟೆಗೆ ಹೋದವರು ಒಂದೇ ಕಾಲಲ್ಲಿ ಹವಾಯಿ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಿದ್ದರು. ಇನ್ನೊಂದು ಎಲ್ಲಿ ಎಂದರೆ ತಿರುಗಿ ಕಾಲು ನೋಡಿಕೊಂಡರು. ಅರವತ್ತು ದಾಟಿದವರಿಗೆ ಕಾಲಲ್ಲಿ ಚಪ್ಪಲಿ ಉಂಟೋ ಇಲ್ಲವೋ ಅಂತ ಗೊತ್ತಾಗುವುದಿಲ್ಲವೇ ಎಂದು ನಾನು ಅರ್ಧ ಗಂಟೆ ಬೈದೆ. ಪಕ್ಕದ ಮನೆಯವರು ಕೇಳಿ ನಕ್ಕರು, ಇವರೂ ನಕ್ಕರು.

ಕುಮಟೆಯಲ್ಲಿ ಆ ದಿನ ಏನೂ ಕೊಳ್ಳಲಿಲ್ಲ. ಎಲ್ಲವೂ ಆಗುತ್ತದೆ ಎಂದಮೇಲೆ ಆರಿಸುವುದು ಯಾವುದನ್ನು? ಮರುವಾರ ಹೊನ್ನಾವರಕ್ಕೆ ಹೋದೆವು. ಬಸ್ಸಿನಲ್ಲಿ ಕಂಡಕ್ಟರ್ ಇವರನ್ನು ಕಂಡು ಎದ್ದು ಜಾಗ ಕೊಟ್ಟ, ಇವರು ಕೂರಲಿಲ್ಲ. ಕಂಬಿ ಕೂಡ ಹಿಡಿಯದೆ ನಿಂತೇ ಬಂದರು. ಮೊದಲಾದರೆ ಎಂಥ ತಿರುವಿನಲ್ಲೂ ಅಲುಗದ ಕಾಲು, ಆ ದಿನ ಎರಡು ಸಲ ಹಿಂದಿನವರ ಮೇಲೆ ಬಿದ್ದರು. ಬಿಂಕ ಬಿಟ್ಟು ಕೂರಿ ಎಂದು ನಾನು ಗೊಣಗಿದೆ.

ಹೊನ್ನಾವರದ ಅಂಗಡಿಯಲ್ಲಿ ನಾನೇ ಎಂಟನೇ ನಂಬರಿನ ಒಂದು ಜೊತೆ ಆರಿಸಿದೆ. ಕಂದು ಬಣ್ಣ, ಮೂರು ಪಟ್ಟಿ, ಹಿಂದೆ ಅಂಟಿಸಿ ಬಿಗಿ ಮಾಡುವಂಥದ್ದು. ಅಂಗಡಿಯ ಹುಡುಗಿ ಬೆಲೆಯ ಚೀಟಿ ಹರಿದು ಕೊಟ್ಟಳು. ನಾನು ಹೇಳಿದೆ, ರಟ್ಟಿನ ಮೇಲೆ ನಾಲ್ಕು ಹೆಜ್ಜೆ ನಡೆದರೆ ಚಪ್ಪಲಿಯ ಗುಣ ತಿಳಿಯುವುದಿಲ್ಲ, ಇಲ್ಲಿಂದ ಕರ್ಕಿಯ ತಂಗಿ ಮನೆಯ ತನಕ ನಡೆದೇ ಹೋಗೋಣ, ಕಚ್ಚಿದರೆ ನಾಳೆಯೇ ತಂದು ಬದಲು ಮಾಡಬಹುದು. ಇವರು ಕೂಡಲೇ ಆತು ಎಂದರು.

ಹೆದ್ದಾರಿಯ ಅಂಚಿನಲ್ಲಿ ಒಂದು ತಾಸಿನ ದಾರಿ. ಲಾರಿಗಳು ಮುಖಕ್ಕೆ ದೂಳು ಹೊಡೆದು ಹೋಗುತ್ತಿದ್ದವು. ನನ್ನ ಚಪ್ಪಲಿ ಹಳೆಯದೇ, ಆದರೂ ಅರ್ಧ ದಾರಿಗೆ ಕಿರುಬೆರಳು ಉರಿಯತೊಡಗಿತು. ನಾನು ರಸ್ತೆಗೂ ಬಿಸಿಲಿಗೂ ಬೈಯುತ್ತ, ಮಧ್ಯೆ ಮಧ್ಯೆ ಇವರನ್ನು ಕೇಳುತ್ತ ಬಂದೆ. ಕಚ್ಚುತ್ತದಾ? ಇಲ್ಲ. ಬಿಗಿ ಉಂಟಾ? ಇಲ್ಲ. ಸಡಿಲ? ಇಲ್ಲ. “ಹಾಗಾದ್ರೆ ಎಂತ ಅನಿಸ್ತದೆ ಹೇಳಿ ಮಾರಾಯ್ರೆ, ಹಾಕ್ಕಂಡವ್ರು ನೀವು” ಎಂದೆ. “ಬಾಳ ಹಿತ ಉಂಟು. ಹಾಕ್ಕಂಡಂಗೇ ಇಲ್ಲ” ಎಂದರು. ಹಣ ಸಾರ್ಥಕವಾಯಿತು ಎಂದುಕೊಂಡೆ.

ತಂಗಿಯ ಮನೆಗೆ ಹೊಸದಾಗಿ ಬಿಳಿ ಟೈಲ್ಸ್ ಹಾಕಿಸಿದ್ದಾರೆ. ಇವರು ಜಗುಲಿಯ ಕೆಳಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು. ನೀರು ತಂದ ತಂಗಿ ಬಾಗಿಲಲ್ಲೇ ನಿಂತಳು. ಬಾಗಿಲಿನಿಂದ ಕುರ್ಚಿಯ ತನಕ ಒಂದು ಬಿಟ್ಟು ಒಂದು ಹೆಜ್ಜೆ ಕೆಂಪಾಗಿತ್ತು. “ಭಾವ, ಕಾಲಿಗೆ ಎಂತ ಆತು?” ಎಂದಳು. ಇವರು ನೆಲ ನೋಡಿದರು. ಬೇರೆ ಯಾರೋ ಬಂದು ಹೋಗಿರಬೇಕು ಎಂಬಂತೆ ಬಾಗಿಲ ಕಡೆಗೂ ನೋಡಿದರು.

ನಾನು ಹೊರಗೆ ಹೋಗಿ ಎಡಗಾಲಿನ ಚಪ್ಪಲಿ ಎತ್ತಿ ಒಳಗೆ ಬೆರಳಾಡಿಸಿದೆ. ಹೆಬ್ಬೆರಳ ಬುಡಕ್ಕೆ ಬರುವ ಪಟ್ಟಿಯ ಒಳಗಡೆ, ಬೆಲೆಯ ಚೀಟಿ ಹೊಡೆದಿದ್ದ ಸ್ಟೇಪ್ಲರ್ ಪಿನ್ನು ಹಾಗೇ ಉಳಿದಿತ್ತು. ಅದರ ಒಂದು ಕಾಲು ಬಿಚ್ಚಿಕೊಂಡು ನೆಟ್ಟಗೆ ನಿಂತಿತ್ತು. ನನ್ನ ಬೆರಳಿಗೆ ತಾಗಿದ್ದೇ ತಡ ಕೈ ಹಿಂದೆ ಬಂತು. ದಿನಾ ಬಟ್ಟೆಯಿಂದ ಪಿನ್ನು ಆರಿಸಿ ತೆಗೆಯುವವಳು ನಾನು, ಚಪ್ಪಲಿ ಕೊಟ್ಟಾಗ ಒಮ್ಮೆ ಒಳಗೆ ಕೈ ಹಾಕಿ ನೋಡಲಿಲ್ಲ. ಆ ಪಿನ್ನು ಒಂದು ತಾಸು ಇವರ ಮಾಂಸದಲ್ಲಿ ಇತ್ತು, ಇವರು ಹಿತ ಉಂಟು ಎಂದಿದ್ದರು.

ಗಾಯ ತೊಳೆದು ಬಟ್ಟೆ ಕಟ್ಟಿದೆ. ನನಗೆ ಭಯವೂ ಇತ್ತು, ಸಿಟ್ಟೇ ಹೆಚ್ಚು. “ಯಾವಾಗಿಂದ?” ಎಂದೆ. ಇವರು ತಂಗಿ ಒಳಗೆ ಹೋಗುವ ತನಕ ಕಾದರು.

“ಮಳೆಗಾಲಕ್ಕೂ ಮೊದ್ಲಿಂದ” ಎಂದರು. “ಪಾದ ಇದ್ದಂಗೇ ಇಲ್ಲ. ಹತ್ತಿ ಮೇಲೆ ನಿಂತಂಗೆ.”

“ಎಂತಕ್ಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಕಳಿಸ್ತಿದ್ಯನಾ?”

ಕಳಿಸುತ್ತಿರಲಿಲ್ಲ. ಅದು ನಿಜವೇ ಆದದ್ದರಿಂದ ನನಗೆ ಇನ್ನೂ ಮೈ ಉರಿಯಿತು. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವ ಮನುಷ್ಯ, ಕಾಲು ಸತ್ತ ಹಾಗಾಗಿದೆ ಎಂಬುದನ್ನು ಹೆಂಡತಿಯಿಂದ ಮುಚ್ಚಿಟ್ಟು, ಬೀದಿಯಲ್ಲಿ ಜಾರಿಹೋದ ಚಪ್ಪಲಿಗೆ ನನ್ನಿಂದ ಬೈಸಿಕೊಂಡು ನಕ್ಕಿದ್ದರು. ಆ ನಗು ನೆನಪಾಗಿ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಕುಮಟೆಗೆ ವಾಪಸು ಬರುವಾಗ ಬಸ್ಸಿನಲ್ಲಿ ಖಾಲಿ ಸೀಟು ತೋರಿಸಿದೆ. ಈ ಸಲ ಇವರು ಕೂತರು.

ಮರುದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಇವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಒಂದು ದಪ್ಪ ನೈಲಾನ್ ದಾರದ ತುದಿಯನ್ನು ಪಾದಕ್ಕೆ ಅಲ್ಲಲ್ಲಿ ಒತ್ತುತ್ತ ಹೋದರು. ಮುಟ್ಟಿದ್ದು ಗೊತ್ತಾದಾಗ ಹೇಳಬೇಕು. ಇವರು ಬೇಗ ಬೇಗ “ಹೌದು”, “ಹೌದು” ಎನ್ನುತ್ತ ಹೋದರು. ಡಾಕ್ಟರು ದಾರವನ್ನು ಮೇಜಿನ ಮೇಲೆ ಇಟ್ಟು, ಕೈಕಟ್ಟಿ ಕೂತು, ನನ್ನ ಕಡೆ ನೋಡಿದರು. ಇವರು ಕಣ್ಣು ಮುಚ್ಚಿಕೊಂಡೇ ಇನ್ನೂ ಎರಡು ಸಲ “ಹೌದು” ಎಂದರು. ಅಲ್ಲಿ ನನಗೆ ಸಿಟ್ಟು ಬರಲಿಲ್ಲ. ಪ್ರವಾಸಕ್ಕೆ ಹೋಗಲು ಇಷ್ಟು ಆಸೆಯಾ ಎಂದುಕೊಂಡೆ.

ಹೋಗಬೇಡಿ ಎಂದು ಡಾಕ್ಟರು ಹೇಳಲಿಲ್ಲ. ಹೇಳಿದ್ದರೆ ಅವರ ತಲೆಯ ಮೇಲೆ ಹಾಕಿ ನಾನು ಕೈ ತೊಳೆದುಕೊಳ್ಳಬಹುದಿತ್ತು. ಗಾಯ ಪೂರ್ತಿ ಒಣಗಬೇಕು, ಮುಂಭಾಗ ಮುಚ್ಚಿದ ಮೆತ್ತನೆ ಚಪ್ಪಲಿ ಬೇಕು, ಕಾದ ಕಲ್ಲಿನ ಮೇಲೆ ದೇವಸ್ಥಾನವೇ ಆದರೂ ಬರಿಗಾಲಲ್ಲಿ ಕಾಲಿಡಬಾರದು, ದಿನಾ ಸಂಜೆ ಯಾರಾದರೂ ಪಾದ ತಿರುಗಿಸಿ ನೋಡಬೇಕು ಎಂದರು. “ಯಾರು ನೋಡ್ತಾರೆ?” ಎಂದು ಕೇಳಿದರು. ಇವರು ತಮ್ಮ ಹಳೆಯ ಡ್ರೈವರ ಹೆಸರು ಹೇಳಿದರು. ಕನ್ನಡಕ ಇಲ್ಲದೆ ತನ್ನ ತಟ್ಟೆಯ ಅನ್ನ ಕಾಣದವರು ಅವರು. ಮದುವೆ ಕಾಲದ ನಲವತ್ತು ಬ್ಲೌಸು ಹೊಲಿಯದೆ ಬಿದ್ದಿದ್ದವು. ಗುಹೆ ನೋಡುವ ಆಸೆ ನನಗೆ ಜನ್ಮದಲ್ಲಿ ಇರಲಿಲ್ಲ. “ನಾನೇ ಸಂಗಡ ಹೋಗ್ತೇನೆ” ಎಂದೆ. ನನ್ನ ದನಿ ಕೇಳಿ ಡಾಕ್ಟರೇ ಸ್ವಲ್ಪ ಹಿಂದೆ ಸರಿದು ಕೂತರು.

ಗಾಯ ಒಣಗಿದ ಮೇಲೆ ಭಟ್ಕಳಕ್ಕೆ ಹೋದೆವು. ಡಾಕ್ಟರು ಬರೆದುಕೊಟ್ಟದ್ದು ಎಂ.ಸಿ.ಆರ್. ಎಂಬ ಮೆತ್ತನೆ ರಬ್ಬರಿನದು, ಅದು ಪೇಟೆಯ ಒಳಗಿನ ಒಂದು ಸಣ್ಣ ಅಂಗಡಿಯಲ್ಲಿ ಸಿಗುತ್ತದೆ ಎಂದು ಇವರಿಗೇ ಗೊತ್ತಿತ್ತು. ಅಂಗಡಿಯ ಮುದುಕರು ಇವರ ಬಸ್ಸಿನಲ್ಲಿ ವರ್ಷಗಟ್ಟಲೆ ಓಡಾಡಿದವರು. “ಬನ್ನಿ ಕಂಡಕ್ಟರ್ ಸಾಹೇಬ್ರೆ, ಕೂತ್ಕೊಳ್ಳಿ” ಎಂದು ಸ್ಟೂಲು ಒರೆಸಿ ಕೂರಿಸಿ ಚಾ ತರಿಸಿದರು. ಕಾಗದದ ಮೇಲೆ ಪಾದ ಇಡಿಸಿ ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದರು. ಅಳತೆ ಹಿಡಿಯುವ ಆ ಕ್ರಮ ನೋಡಿ ನನಗೆ ಜೀವ ಬಂದ ಹಾಗಾಯಿತು. ಎಂಟೂವರೆ. ಕಾಲಿನ ನಂಬರ್ ಗೊತ್ತಾಗಲು ನಮಗೆ ಮೂರು ಊರು ಬೇಕಾಯಿತು.

ಮೊದಲನೇ ಜೊತೆ ಹಾಕಿಸಿ ಮುದುಕರು ಕೇಳಿದರು, “ಹೆಂಗಿದೆ ಸಾಹೇಬ್ರೆ, ಆರಾಮ್ ಉಂಟಾ?”

ಇವರು ಬಾಯಿ ತೆರೆದರು. ನನ್ನ ಕಡೆ ನೋಡಿ, ಆತು ಎನ್ನದೆ ಚಪ್ಪಲಿ ಬಿಚ್ಚಿ ಮುದುಕರ ಕೈಗೆ ಕೊಟ್ಟರು.

ನಾನು ಚಪ್ಪಲಿ ಕೇಳಿ ಪಡೆದು ಬಲಗೈ ಒಳಗೆ ಹಾಕಿದೆ. ಅಂಗೈಯಿಂದ ತಳ ಒತ್ತಿದೆ. ಬೆರಳ ತುದಿ ಮುಂದಿನ ತನಕ ತೂರಿಸಿ ಹೊಲಿಗೆಯ ಗಂಟು ಹುಡುಕಿದೆ. ಕೈ ಮಗುಚಿ, ಗೆಣ್ಣುಗಳನ್ನು ಪಟ್ಟಿಯ ಒಳಮೈಗೆ ತಿಕ್ಕಿದೆ. ಕಿರುಬೆರಳು ಬರುವ ಕಡೆ ಒಂದು ಅಂಚು ಗಟ್ಟಿಯಾಗಿತ್ತು, ಬೇಡ ಎಂದೆ. ಎರಡನೆಯದರಲ್ಲಿ ಅಂಟು ಒಣಗಿ ಮುಳ್ಳಿನಂತೆ ನಿಂತಿತ್ತು. ಮೂರನೆಯದನ್ನು ಮುದುಕರೇ ಬೇಡವೆಂದು ತಲೆಯಾಡಿಸಿ ಪಕ್ಕಕ್ಕಿಟ್ಟರು. ಅಂಗಡಿಗೆ ಬಂದ ಇಬ್ಬರು ಹೆಂಗಸರು, ಗಂಡನ ಚಪ್ಪಲಿಯಲ್ಲಿ ಕೈಯಿಟ್ಟು ಕಣ್ಣು ಮುಚ್ಚಿ ಕೂತ ನನ್ನನ್ನು ನೋಡಿ ಅವರವರಲ್ಲೇ ಏನೋ ಮಾತಾಡಿಕೊಂಡರು. ಮಾತಾಡಿಕೊಳ್ಳಲಿ ಎಂದು ಬಿಟ್ಟೆ.

ನಾಲ್ಕನೆಯದಕ್ಕೆ ಕೈ ಹಾಕಿದಾಗ ಇವರು ಸ್ಟೂಲನ್ನು ನನ್ನ ಹತ್ತಿರ ಎಳೆದುಕೊಂಡರು. ಬರಿಗಾಲನ್ನು ಕಾಗದದ ಮೇಲೆ ಜೋಪಾನವಾಗಿ ಇಟ್ಟುಕೊಂಡು ನನ್ನ ಕೈಯನ್ನೇ ನೋಡುತ್ತಿದ್ದರು.

“ಎಲ್ಲಾದ್ರೂ ಚುಚ್ತದನಾ?” ಎಂದು ಸಣ್ಣಗೆ ಕೇಳಿದರು.

ನಾನು ಮೈಯ ಬಲವನ್ನೆಲ್ಲ ಹಾಕಿ ಹಿಮ್ಮಡಿಯ ಜಾಗ ಒತ್ತಿದೆ, ಹೆಬ್ಬೆರಳ ಬುಡ ಒತ್ತಿದೆ, ಅಂಚುಗಳ ಸುತ್ತ ಇನ್ನೊಮ್ಮೆ ಬೆರಳಾಡಿಸಿದೆ.

“ಇಲ್ಲ” ಎಂದೆ.

“ಬಿಗಿ?”

“ಇಲ್ಲ.”

ಇವರು ಮುದುಕರ ಕಡೆ ತಿರುಗಿದರು. “ಹಂಗಾರೆ ನಂಗೆ ಹಿತ ಉಂಟು” ಎಂದರು.